ಹೆಂಡತಿಗೆ ತೂಕದ ಇಂಜೆಕ್ಷನ್, ಮನೆಯಲ್ಲಿ ಒಗ್ಗರಣೆ ಬಂದ್

ಪ್ರಶ್ನೆ: ಮಂಡಿಪೇಟೆ ಪ್ರಿಂಟರ್, ದಾವಣಗೆರೆ

ವಿಷಯ ಸ್ವಲ್ಪ ಮನೆಯೊಳಗಿನದ್ದು. ಅದಕ್ಕೇ ಹೆಸರು ಹಾಕುತ್ತಿಲ್ಲ, ತಪ್ಪು ತಿಳಿಯಬೇಡಿ.

ನನ್ನ ಹೆಂಡತಿ ಹೈಸ್ಕೂಲ್ ಟೀಚರ್. ವಯಸ್ಸು 41. ದಿನಾ ಜಗಳೂರು ಕಡೆಯ ಒಂದು ಹಳ್ಳಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ತೂಕ 94 ಕೆಜಿ ಇತ್ತು. ಮೊಣಕಾಲು ನೋವು, ಬಿಪಿಗೆ ಮಾತ್ರೆ, ಶುಗರ್ ಇನ್ನೇನು ಬಂತು ಅನ್ನುವ ಹಾಗೆ ಗಡಿಯಲ್ಲಿ ನಿಂತಿತ್ತು. ನವಣೆ, ಸಾಮೆ, ರಾತ್ರಿ ಊಟ ಬಿಡುವುದು, ಬೆಳಿಗ್ಗೆ ಕುಂದುವಾಡ ಕೆರೆ ಸುತ್ತುವುದು, ಎಲ್ಲಾ ಆಗಿದೆ. ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಕೊನೆಗೆ ಡಾಕ್ಟರ್ ಟಿರ್ಜೆಪಟೈಡ್ ಅನ್ನುವ ತೂಕ ಇಳಿಸುವ ಇಂಜೆಕ್ಷನ್ ಬರೆದುಕೊಟ್ಟರು. ವಾರಕ್ಕೊಂದು ಸಲ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವುದು. ಮೊದಲು 2.5 ಮಿಲಿಗ್ರಾಂ, ಆಮೇಲೆ 5, ಈಗ 7.5.

ತೂಕ ಇಳಿದಿದೆ, ಸುಳ್ಳು ಹೇಳಬಾರದು. 83ಕ್ಕೆ ಬಂದಿದ್ದಾಳೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದನ್ನು ಬಿಟ್ಟಿದ್ದಾಳೆ. ಅದಕ್ಕೇ ‘ಬಿಟ್ಟುಬಿಡು’ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ 7.5 ಶುರುವಾದ ಮೇಲೆ ಮನೆ ಮನೆಯಾಗಿ ಉಳಿದಿಲ್ಲ. ಗುರುವಾರ ರಾತ್ರಿ ಇಂಜೆಕ್ಷನ್ ಆದರೆ ಶುಕ್ರವಾರ, ಶನಿವಾರ ಎರಡೂ ದಿನ ವಾಕರಿಕೆ. ತೇಗು ಬಂದರೆ ಕೊಳೆತ ಮೊಟ್ಟೆಯ ವಾಸನೆ. ನಮ್ಮದು ಮೊಟ್ಟೆ ತಿನ್ನದ ಮನೆ, ಆದರೂ ಇಬ್ಬರಿಗೂ ಅದೇ ವಾಸನೆ ಅಂತ ತಕ್ಷಣ ಗೊತ್ತಾಯ್ತು ನೋಡಿ! ಇನ್ನು ಹೊಟ್ಟೆ ಕಟ್ಟುವುದು ಬೇರೆ. ಶನಿವಾರ ಬೆಳಗಿನ ಶಾಲೆ, ನಸುಕಿನ ಬಸ್ಸು, ಅದರ ಡೀಸೆಲ್ ವಾಸನೆ. ಬ್ಯಾಗಿನಲ್ಲಿ ಹಾಜರಿ ಪುಸ್ತಕದ ಜೊತೆ ಪ್ಲಾಸ್ಟಿಕ್ ಕವರ್ ಮಡಚಿಟ್ಟುಕೊಂಡು ಹೋಗುತ್ತಾಳೆ.

ಅಡುಗೆ ಈಗ ನನ್ನದೇ. ಅದು ಕಷ್ಟ ಅಲ್ಲ, ಮಾಡುತ್ತೇನೆ. ಕಷ್ಟ ಇರುವುದು ಒಗ್ಗರಣೆಯಲ್ಲಿ. ಎಣ್ಣೆ ಕಾದು ಸಾಸಿವೆ ಚಟಪಟ ಅಂದರೆ ಬೆಡ್‌ರೂಮಿನ ಬಾಗಿಲು ಧಡಾರ್ ಅಂತ ಮುಚ್ಚುತ್ತದೆ. ಬೆಳ್ಳುಳ್ಳಿ ಬಿದ್ದರೆ ಬಾತ್‌ರೂಮಿನ ಬಾಗಿಲು. ಹಾಗಂತ ಒಗ್ಗರಣೆ ಇಲ್ಲದ ಸಾರು ನಮ್ಮವ್ವನ ಗಂಟಲಲ್ಲಿ ಇಳಿಯುವುದಿಲ್ಲ, ಮಗನಿಗೂ ಅಷ್ಟೇ. ಹಾಗಾಗಿ ಟೆರೇಸ್ ಮೇಲೆ ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡಿದ್ದೇನೆ. ಅಲ್ಲಿ ಒಗ್ಗರಣೆ ಕೊಟ್ಟು, ಪಾತ್ರೆಗೆ ಮುಚ್ಚಳ ಹಾಕಿ ಕೆಳಗೆ ತರುತ್ತೇನೆ. ಪಕ್ಕದ ಮನೆಯವರು ‘ಏನ್ರೀ, ದಿನಾ ಟೆರೇಸ್ ಮೇಲೆ ಪಾರ್ಟಿನಾ?’ ಅಂತ ಕೇಳಿದರು. ನಕ್ಕು ಸುಮ್ಮನಾದೆ. ಯಾಕಂದರೆ ಹೇಳುವ ಹಾಗಿಲ್ಲ.

ನಿಜವಾದ ತಲೆನೋವು ಇದೇ. ಇಂಜೆಕ್ಷನ್ ವಿಷಯ ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ. ಯಾರಿಗೂ ಹೇಳಕೂಡದು ಅಂತ ಅವಳ ಕಟ್ಟಪ್ಪಣೆ. ಸ್ಟಾಫ್ ರೂಮಿನಲ್ಲಿ ‘ಓ, ದುಡ್ಡು ಕೊಟ್ಟು ಸಣ್ಣಗಾದ್ರಾ’ ಅಂತಾರಂತೆ. ಅದೂ ಸುಳ್ಳಲ್ಲ, ಅನ್ನುತ್ತಾರೆ. ಆದರೆ ಬೆಳಿಗ್ಗೆ ವಾಂತಿ, ಊಟ ಸೇರದು, ವಾಸನೆ ಆಗದು. ಇದನ್ನೆಲ್ಲಾ ನೋಡಿ ನಮ್ಮವ್ವ ಏನು ತಿಳಿದುಕೊಂಡಳು ಅಂತ ಹೇಳಬೇಕಾ? ಮಗ ಎಸ್ಸೆಸ್ಸೆಲ್ಸಿ ಓದುತ್ತಿದ್ದಾನೆ ಸ್ವಾಮಿ! ಹರಿಹರದ ತಂಗಿ ಮನೆಗೆ ಹೋದವಳು ಒಂದು ಡಬ್ಬಿ ಹುಣಸೆ ತೊಕ್ಕು ತಂದು ಸೊಸೆಯ ಮುಂದೆ ಇಟ್ಟಳು. ಬಾಯಲ್ಲಿ ಏನೂ ಹೇಳಲಿಲ್ಲ, ಮುಖದ ತುಂಬಾ ನಗು. ಹೆಂಡತಿ ಮೊದಲು ಸಿಟ್ಟಾದಳು. ಅವ್ವ ಆಚೆ ಹೋದ ಮೇಲೆ ಬೆರಳಲ್ಲಿ ಚೂರು ನೆಕ್ಕಿ ‘ಇದೊಂದು ಪರವಾಗಿಲ್ಲ’ ಅಂದಳು. ಆ ಡಬ್ಬಿ ಈಗ ಅರ್ಧ ಖಾಲಿ. ಅವ್ವನ ಅನುಮಾನ ಗಟ್ಟಿಯಾಗಿದೆ.

ನಾನು ಲಗ್ನಪತ್ರಿಕೆ ಪ್ರಿಂಟ್ ಮಾಡುವವನು. ಸೀಸನ್ ಬಂತು ಅಂದರೆ ಅರ್ಧ ಊರು ಊಟಕ್ಕೆ ಕರೆಯುತ್ತದೆ. ಹೋಗದಿದ್ದರೆ ಮುಂದಿನ ಆರ್ಡರ್ ಇಲ್ಲ. ಪಂಕ್ತಿಯಲ್ಲಿ ಕೂತರೆ ಬಡಿಸುವವರು ‘ಅಕ್ಕಾ, ಇನ್ನೊಂದು ಹೋಳಿಗೆ’ ಅಂತ ತುಪ್ಪದ ಸಮೇತ ಹಾಕಿಯೇ ಬಿಡುತ್ತಾರೆ. ಅವಳು ನನ್ನ ಮುಖ ನೋಡುತ್ತಾಳೆ. ನಾನು ನನ್ನ ಎಲೆಗೆ ಎಳೆದುಕೊಳ್ಳುತ್ತೇನೆ. ಅವಳು ಇಳಿದಿದ್ದರಲ್ಲಿ ಸ್ವಲ್ಪ ನನ್ನ ಕಡೆಗೇ ಬಂದಿದೆ ಅಂತ ನನ್ನ ಬೆಲ್ಟ್ ಹೇಳುತ್ತಿದೆ.

‘ಏನಾದ್ರೂ ತಿಂದ್ಯಾ?’ ಅಂತ ಕೇಳಿದರೂ ಸಿಡುಕುತ್ತಾಳೆ. ಕೇಳದಿದ್ದರೆ ‘ನಿಮಗೇನು ಚಿಂತೆ ಇದೆ’ ಅಂತಾಳೆ. ಭಾನುವಾರ ಇಬ್ಬರೂ ಬೆಣ್ಣೆ ದೋಸೆಗೆ ಹೋಗುವುದು ಮದುವೆಯಾದಾಗಿನಿಂದ ಇದ್ದ ರೂಢಿ. ಈಗ ಹೋದರೆ ನಾನೊಬ್ಬನೇ. ಹೋಗುವುದನ್ನೂ ಕಡಿಮೆ ಮಾಡಿದ್ದೇನೆ.

ಇಂಥ ಪರಿಸ್ಥಿತಿ ನೋಡಿದವರು ಹೇಳಿ. ಇದು ತಾನಾಗಿ ಕಡಿಮೆ ಆಗುತ್ತದಾ? ಡೋಸ್ ಇಳಿಸಿ ಅಂತ ಡಾಕ್ಟರನ್ನು ಕೇಳಿದರೆ ಇಷ್ಟು ದಿನದ್ದೆಲ್ಲಾ ನೀರಲ್ಲಿ ಹೋಮ ಆಗುತ್ತದಾ? ಏನು ಮಾಡಿ ಹಾಕಲಿ? ಅವ್ವನಿಗೆ ಏನು ಹೇಳಲಿ?

ಉತ್ತರ: ಬೆಳಗಿನ ವಾಕರ್

ಬೇಕಿತ್ತಾ ಇದೆಲ್ಲಾ? ನಮ್ಮ ಅಜ್ಜಿ ಮೂರು ಹೊತ್ತು ಮುದ್ದೆ ಉಂಡು 90 ವರ್ಷ ಬದುಕಿದರು. ಇಂಜೆಕ್ಷನ್ ಬಿಡಿಸಿ. ಬೆಳಿಗ್ಗೆ ಎದ್ದು ಕೆರೆ ಸುತ್ತಿಸಿ. ಸುಮ್ನೆ ದುಡ್ಡು ದಂಡ.

ಮಂಡಿಪೇಟೆ ಪ್ರಿಂಟರ್

ಕೆರೆ ಸುತ್ತಿದ್ದಾಳೆ ಅಂತ ಮೇಲೆ ಬರೆದಿದ್ದೇನೆ ಸಾರ್. ನಿಮ್ಮ ಅಜ್ಜಿ ಮುದ್ದೆ ಉಂಡು ಹೊಲದಲ್ಲಿ ದುಡಿದಿರಬೇಕು. ಇವಳು ಮುದ್ದೆ ಉಂಡು ಒಂಬತ್ತನೇ ಕ್ಲಾಸಿನ ಪೇಪರ್ ತಿದ್ದುತ್ತಾಳೆ.

ಉತ್ತರ: ಕೋಟೆ ಪಕ್ಕದವಳು, ಚಿತ್ರದುರ್ಗ

ನಾನೇ ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವಳು. ಹಾಗಾಗಿ ನಿಮ್ಮ ಮನೆಯವರ ಕಡೆಯಿಂದ ಮಾತಾಡುತ್ತೇನೆ, ಬೇಜಾರಾಗಬೇಡಿ.

ಮೊದಲು ಆ ‘ತಿಂದ್ಯಾ’ ನಿಲ್ಲಿಸಿ. ಹೊಟ್ಟೆ ತೊಳಸುತ್ತಿರುವಾಗ ಊಟದ ಹೆಸರು ಕೇಳಿದರೂ ಬಾಯಲ್ಲಿ ನೀರೂರಿ ವಾಂತಿಗೆ ಬರುತ್ತದೆ. ನಮ್ಮ ಮನೆಯವರಿಗೂ ಇದೇ ಚಾಳಿ ಇತ್ತು. ತಟ್ಟೆ ಕೈಗೆಟಕುವ ಕಡೆ ಇಟ್ಟು, ಏನೂ ಕೇಳದೆ ಹೋಗಿಬಿಡಿ ಅಂದೆ. ಬೇಕಾದರೆ ತಿನ್ನುತ್ತೇನೆ, ಬೇಡವಾದರೆ ತಟ್ಟೆ ಹಾಗೇ ಇರುತ್ತದೆ. ತಿಂದಿಲ್ಲ ಅಂತ ಮುಖ ಸಣ್ಣಗೆ ಮಾಡಬೇಡಿ. ನಿಮ್ಮ ಮುಖವನ್ನೂ ನಾವೇ ಸಮಾಧಾನ ಮಾಡಬೇಕಾಗುತ್ತದೆ.

ಬಿಸಿ ಊಟದಲ್ಲಿ ವಾಸನೆ ಜಾಸ್ತಿ. ಆರಿದ ಊಟ ಕೊಡಿ. ಒಗ್ಗರಣೆ ಇಲ್ಲದ ಮೊಸರನ್ನ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ಉಪ್ಪು ನಿಂಬೆಹಣ್ಣು ಹಿಂಡಿದ ಹೆಸರುಬೇಳೆ ಕೋಸಂಬರಿ. ನನಗೆ ಎಲ್ಲಕ್ಕಿಂತ ಒಗ್ಗಿದ್ದು ಒಣ ಮಂಡಕ್ಕಿಗೆ ಒಂದು ಹಿಡಿ ಪುಟಾಣಿ. ಎಣ್ಣೆ ಬೇಡ, ಈರುಳ್ಳಿ ಬೇಡ. ಬಸ್ಸಿನಲ್ಲೂ ಬಾಯಿಗೆ ಹಾಕಿಕೊಳ್ಳಬಹುದು. ಮಿರ್ಚಿ ಕಡೆ ಮಾತ್ರ ತಲೆ ಹಾಕಬೇಡಿ. ಒಂದು ಸಂಜೆ ಆಸೆಗೆ ಒಂದೇ ಒಂದು ತಿಂದೆ. ಮಾರನೇ ದಿನ ಮಧ್ಯಾಹ್ನದವರೆಗೆ ಅದೇ ತೇಗು, ನಿಮ್ಮ ಆ ಮೊಟ್ಟೆ ವಾಸನೆಯದ್ದೇ.

ಇನ್ನೊಂದು, ಸಣ್ಣ ತಟ್ಟೆ ತನ್ನಿ. ‘ಇದೊಂದು ತುತ್ತು ಉಳಿದಿದೆ’ ಅಂತ ತಿನ್ನುತ್ತೇವಲ್ಲ, ವಾಂತಿಯಾಗುವುದು ಆ ತುತ್ತಿಗೇ. ಸಾಕು ಅನ್ನಿಸಿದ ಕೂಡಲೇ ನಿಲ್ಲಿಸಬೇಕು. ಉಂಡ ಕೂಡಲೇ ಮಲಗಬಾರದು.

ಗುರುವಾರ ಯಾಕೆ ಚುಚ್ಚಿಕೊಳ್ಳುತ್ತಾರೆ? ಶಾಲೆ ಇರುವವರು ಶನಿವಾರ ಇಟ್ಟುಕೊಳ್ಳಬಾರದಾ? ನಾನು ಡಾಕ್ಟರನ್ನು ಕೇಳಿ ದಿನ ಬದಲಾಯಿಸಿದೆ. ಎರಡು ಡೋಸ್ ನಡುವೆ ಕನಿಷ್ಠ ಮೂರು ದಿನ ಅಂತರ ಇದ್ದರೆ ಚುಚ್ಚಿಕೊಳ್ಳುವ ದಿನ ಬದಲಾಯಿಸಬಹುದು ಅಂದರು. ಈಗ ನರಳುವುದಿದ್ದರೆ ಭಾನುವಾರ, ನನ್ನ ಮನೆಯಲ್ಲಿ, ನನ್ನ ಹಾಸಿಗೆಯಲ್ಲಿ.

ಗುಟ್ಟಿನ ವಿಷಯ. ಅದು ಅವರ ಮೈ, ಅವರ ಗುಟ್ಟು. ನೀವಾಗಿ ನಿಮ್ಮವ್ವನಿಗೆ ಹೇಳಬೇಡಿ. ಮದುವೆ ಮನೆಗೆ ಒಂದು ಉಪಾಯ ಇದೆ. ‘ಡಾಕ್ಟರ್ ಪಥ್ಯ ಹೇಳಿದ್ದಾರೆ’ ಅನ್ನಿ. ಯಾವ ಪಥ್ಯ, ಯಾಕೆ, ಯಾರೂ ಕೇಳುವುದಿಲ್ಲ. ಬಡಿಸುವವನೂ ಹೋಳಿಗೆ ವಾಪಸ್ ತೆಗೆದುಕೊಂಡು ಹೋಗುತ್ತಾನೆ. ಡಯಟ್ ಅಂದಿರೋ, ಇನ್ನೆರಡು ಹಾಕುತ್ತಾನೆ.

ಉತ್ತರ: ಔಷಧಿ ಅಂಗಡಿಯವ, ಹರಿಹರ

ಕೋಟೆ ಪಕ್ಕದವರು ಅಡುಗೆ ಭಾಗ ಮುಗಿಸಿದ್ದಾರೆ. ನಾನು ಔಷಧಿ ಭಾಗ ಹೇಳುತ್ತೇನೆ. ನಾನು ಫಾರ್ಮಾಸಿಸ್ಟ್, ಡಾಕ್ಟರ್ ಅಲ್ಲ.

ನಮ್ಮ ಕರುಳಿನಲ್ಲಿ ಊಟವಾದ ಮೇಲೆ ಜಿಎಲ್‌ಪಿ-1, ಜಿಐಪಿ ಅಂತ ಎರಡು ಹಾರ್ಮೋನ್ ಬರುತ್ತವೆ. ಟಿರ್ಜೆಪಟೈಡ್ ಅವೆರಡರ ಕೆಲಸವನ್ನೂ ಮಾಡುತ್ತದೆ. ಮೆದುಳಿನಲ್ಲಿ ಹಸಿವು ಕಡಿಮೆ ಮಾಡುತ್ತದೆ, ಹೊಟ್ಟೆಯಿಂದ ಊಟ ಕೆಳಗಿಳಿಯುವುದನ್ನು ನಿಧಾನ ಮಾಡುತ್ತದೆ. ಬೆಳಗಿನ ತಿಂಡಿ ಮಧ್ಯಾಹ್ನವೂ ಹೊಟ್ಟೆಯಲ್ಲೇ ಕೂತಿದ್ದರೆ ವಾಕರಿಕೆ, ತೇಗು ಬರದೆ ಇನ್ನೇನು? ಎಣ್ಣೆ ಪದಾರ್ಥ ಮೊದಲೇ ನಿಧಾನ, ಇದರ ಜೊತೆ ಇನ್ನೂ ನಿಧಾನ. ಈ ಔಷಧಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಸರ್ಮೌಂಟ್-1 ಅಧ್ಯಯನದಲ್ಲಿ 2,539 ಜನರಿದ್ದರು, 72 ವಾರ ನಡೆಯಿತು. 5 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ, 10 ಮಿಲಿಗ್ರಾಂನವರಲ್ಲಿ ಮೂವರಲ್ಲಿ ಒಬ್ಬರಿಗೆ ವಾಕರಿಕೆ ಬಂತು. ಹೆಚ್ಚಾಗಿ ಡೋಸ್ ಏರಿಸುವ ಹೊತ್ತಿಗೆ. ಆಮೇಲೆ ಮೈ ಒಗ್ಗಿಕೊಳ್ಳುವುದೇ ಜಾಸ್ತಿ. ನಿಮ್ಮವರಿಗೂ 7.5ಕ್ಕೆ ಹೋದ ಮೇಲೆ ತಾನೇ ಶುರುವಾಗಿದ್ದು?

ಡೋಸ್ ಬಗ್ಗೆ ನಮ್ಮ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನಾಲ್ಕು ವಾರಕ್ಕೊಮ್ಮೆ ಏರಿಸಲೇಬೇಕು ಅಂತ. ಹಾಗಿಲ್ಲ. ಒಂದು ಡೋಸ್‌ನಲ್ಲಿ ಕನಿಷ್ಠ ನಾಲ್ಕು ವಾರ ಇರಬೇಕು ಅಂತಷ್ಟೇ ಇರುವುದು. ಅಲ್ಲೇ ಇನ್ನೂ ಕೆಲವು ತಿಂಗಳು ನಿಲ್ಲಬಹುದು, ಡಾಕ್ಟರ್ ಒಂದು ಮೆಟ್ಟಿಲು ಇಳಿಸಲೂಬಹುದು. 5ರಲ್ಲೂ ತೂಕ ಇಳಿಯುತ್ತಿತ್ತು ಅಂದರೆ ಗಾಬರಿ ಯಾಕೆ? ಪೂರ್ತಿ ಬಿಟ್ಟರೆ ಮಾತ್ರ ಹೋದ ತೂಕದಲ್ಲಿ ತುಂಬಾ ಪಾಲು ವಾಪಸ್ ಬರುವುದನ್ನು ನೋಡಿದ್ದಾರೆ. ವಾಕರ್ ಸಾಹೇಬರು ಇದನ್ನೂ ಸ್ವಲ್ಪ ಓದಲಿ.

ಈಗ ಅವ್ವನ ವಿಷಯ. ನಗಬೇಡಿ, ಅವರ ಅನುಮಾನವನ್ನು ತಳ್ಳಿಹಾಕುವ ಹಾಗಿಲ್ಲ! ನಿಮ್ಮವರು ಗರ್ಭ ತಡೆಯುವ ಮಾತ್ರೆ ನುಂಗುತ್ತಿದ್ದಾರಾ? ಹೊಟ್ಟೆ ನಿಧಾನವಾದರೆ ಆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಟಿರ್ಜೆಪಟೈಡ್ ಶುರು ಮಾಡಿದಾಗ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದಾಗಲೂ ನಾಲ್ಕು ವಾರ, ಕಾಂಡೋಮ್ ಥರದ ಬೇರೆ ಉಪಾಯವೂ ಇರಬೇಕು. ವಾಂತಿಯಲ್ಲಿ ಮಾತ್ರೆ ಹೊರಗೆ ಹೋಗುವುದು ಬೇರೆ. ಗರ್ಭಿಣಿಯರು ಈ ಇಂಜೆಕ್ಷನ್ ತೆಗೆದುಕೊಳ್ಳಬಾರದು. ಅಂಗಡಿಯಲ್ಲಿ ಸಿಗುವ ಕಿಟ್ ತಂದು ಒಂದು ಸಲ ನೋಡಿಬಿಡಿ.

ಬಿಪಿ ಮಾತ್ರೆ ಇದೆ ಅಂದಿರಿ. ತೂಕ 11 ಕೆಜಿ ಇಳಿದು, ಮೇಲೆ ವಾಂತಿ, ನೀರು ಕಡಿಮೆ. ಹಳೇ ಬಿಪಿ ಮಾತ್ರೆ ಈಗ ಜಾಸ್ತಿ ಆಗಿರಬಹುದು. ಎದ್ದು ನಿಂತಾಗ ತಲೆ ಸುತ್ತುತ್ತಾ ಕೇಳಿ. ನೀವೇ ಮಾತ್ರೆ ನಿಲ್ಲಿಸಬೇಡಿ, ಬಿಪಿ ನೋಡಿಸಿ ಡಾಕ್ಟರ್ ಹತ್ತಿರ ಹೋಗಿ. ವಾಂತಿಯಾದ ದಿನ ಓಆರ್‌ಎಸ್ ಒಂದೊಂದೇ ಗುಟುಕು ಕೊಡಿ. ವಾಂತಿ ನಿಲ್ಲುವ ಮಾತ್ರೆ ಅಂತ ನನ್ನಂಥವರ ಅಂಗಡಿಗೆ ಬಂದು ಕೇಳಬೇಡಿ. ಅದರಲ್ಲಿ ಕೆಲವು ಹೊಟ್ಟೆ ಇನ್ನೂ ಕಟ್ಟಿಸುತ್ತವೆ.

ಹೆದರಬೇಕಾದ್ದು ಯಾವಾಗ ಅಂದರೆ, ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದು ಬೆನ್ನಿಗೆ ಹೋಗುತ್ತಿದ್ದರೆ, ಬಿಡದೇ ಇದ್ದರೆ. ಮೇದೋಜೀರಕ ಗ್ರಂಥಿ ಊದಿಕೊಂಡಿರಬಹುದು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಜ್ವರ, ಕಣ್ಣು ಹಳದಿ, ಇದು ಪಿತ್ತಕೋಶದ ಕಡೆಯದು. ಒಂದು ಗುಟುಕು ನೀರೂ ನಿಲ್ಲದಿದ್ದರೆ, ಮೂತ್ರ ತುಂಬಾ ಕಡಿಮೆಯಾದರೆ ಕಿಡ್ನಿಗೆ ಕಷ್ಟ. ಇದರಲ್ಲಿ ಯಾವುದಾದರೂ ಕಂಡರೆ ರಾತ್ರಿ ಆಗಲಿ, ಬೆಳಗಿನ ಜಾವ ಆಗಲಿ, ಎಮರ್ಜೆನ್ಸಿಗೆ ಹೊರಡಿ. ಇಂಜೆಕ್ಷನ್ ವಿಷಯವನ್ನು ಅಲ್ಲಿ ಮೊದಲೇ ಹೇಳಿ. ಅಲ್ಲೂ ಗುಟ್ಟು ಮಾಡಬೇಡಿ.

ಉತ್ತರ: ನಿಟ್ಟುವಳ್ಳಿ ನಿವಾಸಿ

ಇದೇ ಥರದ ಇನ್ನೊಂದು ಔಷಧಿ ಸೆಮಾಗ್ಲುಟೈಡ್‌ಗೆ ಬದಲಾಯಿಸಿದರೆ? 2026ರ ಮಾರ್ಚ್‌ನಲ್ಲಿ ನಮ್ಮ ದೇಶದಲ್ಲಿ ಅದರ ಪೇಟೆಂಟ್ ಮುಗಿಯಿತಲ್ಲ, ರೇಟೂ ಇಳಿದಿದೆ.

ಔಷಧಿ ಅಂಗಡಿಯವ, ಹರಿಹರ

ರೇಟಿಗೆ ಬದಲಾಯಿಸುವುದು ಬೇರೆ ಮಾತು. ವಾಕರಿಕೆಗೆ ಅಂತ ಬದಲಾಯಿಸಿದರೆ ಪ್ರಯೋಜನ ಆಗೇ ಆಗುತ್ತದೆ ಅನ್ನುವ ಹಾಗಿಲ್ಲ. ಅದೂ ಹೊಟ್ಟೆ ನಿಧಾನ ಮಾಡುವುದೇ. ಡಾಕ್ಟರನ್ನೇ ಕೇಳಿ.

ಮಂಡಿಪೇಟೆ ಪ್ರಿಂಟರ್

ಎಲ್ಲರಿಗೂ ಥ್ಯಾಂಕ್ಸ್. ನಡೆದದ್ದು ಹೇಳಿಬಿಡುತ್ತೇನೆ.

ಉತ್ತರಗಳನ್ನು ಅವಳಿಗೇ ಓದಲು ಕೊಟ್ಟೆ. ಹುಣಸೆ ತೊಕ್ಕನ್ನು ಊರಿಗೆಲ್ಲಾ ಸಾರಿದ್ದಕ್ಕೆ ಬೈಸಿಕೊಂಡೆ. ಆದರೆ ಕೋಟೆ ಪಕ್ಕದವರ ಉತ್ತರವನ್ನು ಎರಡು ಸಲ ಓದಿ, ‘ನೋಡಿ, ಮುಖ ಸಣ್ಣಗೆ ಮಾಡಬೇಡಿ ಅಂತ ಬರೆದಿದ್ದಾರೆ, ಓದಿದ್ರಾ?’ ಅಂದಳು. ಕಿಟ್ ತಂದೆವು. ಏನೂ ಇಲ್ಲ. ಅವಳು ನಿಟ್ಟುಸಿರು ಬಿಟ್ಟಳು, ನಾನೂ ಬಿಟ್ಟೆ.

ಡಾಕ್ಟರ್ 5ಕ್ಕೆ ಇಳಿಸಿದರು. ‘ಎರಡು ದಿನ ನರಳುತ್ತಿದ್ದೀರಿ ಅಂದರೆ ಆಗಲೇ ಫೋನ್ ಮಾಡಬೇಕಿತ್ತು’ ಅಂದರು. ಇವಳು ಪ್ರತಿ ಸಲ ಅಲ್ಲಿ ಹೋಗಿ ‘ಚೆನ್ನಾಗಿದ್ದೇನೆ’ ಅಂತ ಹೇಳಿ ಬರುತ್ತಿದ್ದಳು. ತೂಕ ಇಳಿಯುವುದು ನಿಂತುಬಿಟ್ಟರೆ ಅಂತ ಭಯ ಅವಳಿಗೆ. ಬಿಪಿ ನೋಡಿದರೆ ಕಡಿಮೆಯೇ ಇತ್ತು, ಆ ಮಾತ್ರೆಯನ್ನೂ ಅರ್ಧ ಮಾಡಿದ್ದಾರೆ. ಬೆಳಿಗ್ಗೆ ಬಸ್ಸಿನಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು ಅಂತ ಅಲ್ಲಿ ಬಾಯಿ ಬಿಟ್ಟಳು. ನನಗೂ ಹೇಳಿರಲಿಲ್ಲ. ಬೇಳೆ, ಕಾಳು, ಮೊಸರು, ಪನೀರ್ ಜಾಸ್ತಿ ಮಾಡಿ, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ ಅಂದರು. ಇಂಜೆಕ್ಷನ್ ಈಗ ಶನಿವಾರ ಶಾಲೆ ಮುಗಿಸಿ ಬಂದ ಮೇಲೆ.

ಅವ್ವನಿಗೆ ಅವಳೇ ಹೇಳಿದಳು, ನಾನು ಅಂಗಡಿಯಲ್ಲಿದ್ದಾಗ. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಮನೆಗೆ ಬಂದರೆ ಅವ್ವ, ‘ವಾರಕ್ಕೊಂದು ಸೂಜಿಗೆ ಇಷ್ಟು ಗುಟ್ಟು ಯಾಕೋ? ನಾನೇನು ಪೇಪರ್‌ನಲ್ಲಿ ಹಾಕಿಸ್ತೀನಾ?’ ಅಂತ ನನಗೇ ಗದರಿದಳು. ಮೊಮ್ಮಗುವಿನ ಆಸೆ ಹೋಗಿದ್ದಕ್ಕೆ ಸ್ವಲ್ಪ ಬೇಜಾರಿದೆ, ತೋರಿಸಿಕೊಳ್ಳುವುದಿಲ್ಲ. ಈಗ ಶನಿವಾರ ರಾತ್ರಿಯಿಂದ ಸೋಮವಾರದವರೆಗೆ ಒಗ್ಗರಣೆ ಬೇಡ ಅಂತ ಅವ್ವನೇ ಕಾನೂನು ಮಾಡಿದ್ದಾಳೆ. ಉಳಿದ ದಿನ ಅಡುಗೆಮನೆಯಲ್ಲೇ ಹಾಕಬಹುದು. ಟೆರೇಸ್ ಒಲೆ ಇನ್ನೂ ಕೆಳಗೆ ತಂದಿಲ್ಲ, ಮಗ ಅಲ್ಲಿ ಮ್ಯಾಗಿ ಮಾಡಿಕೊಳ್ಳುತ್ತಿದ್ದಾನೆ.

ವಾಕರಿಕೆ ಪೂರ್ತಿ ಹೋಗಿಲ್ಲ. ಭಾನುವಾರ ಸುಸ್ತು ಇದ್ದೇ ಇದೆ. ವಾಂತಿ ನಿಂತಿದೆ. ಮೊನ್ನೆ ಒಂದು ಮದುವೆಯಲ್ಲಿ ‘ಪಥ್ಯ’ ಅಂದೆವು. ಅಡುಗೆಯವರೇ ಒಳಗಿಂದ ಬಿಳಿ ಅನ್ನ, ಮಜ್ಜಿಗೆ ತಂದುಕೊಟ್ಟರು.

ಕೊನೆಗೊಂದು ಪ್ರಶ್ನೆ. ಬೇಸಿಗೆ ಬಂತು, ಕರೆಂಟ್ ಕಥೆ ಗೊತ್ತೇ ಇದೆ. ಇಂಜೆಕ್ಷನ್ ಪೆನ್ ಹೇಗೆ ಇಡಬೇಕು?

ಔಷಧಿ ಅಂಗಡಿಯವ, ಹರಿಹರ

ತೆರೆಯದ ಪೆನ್ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿ. ನಾಲ್ಕು ಡೋಸ್‌ನ ಪೆನ್ ಆದರೆ, ಒಮ್ಮೆ ಬಳಸಲು ಶುರು ಮಾಡಿದ ಮೇಲೆ 30 ಡಿಗ್ರಿ ಒಳಗೆ 30 ದಿನ ಹೊರಗಿಡಬಹುದು. ಆದರೆ ಏಪ್ರಿಲ್‌ನಲ್ಲಿ ನಮ್ಮ ಕಡೆ ಯಾವ ಮನೆಯೊಳಗೆ 30 ಡಿಗ್ರಿ ಇರುತ್ತದೆ ಹೇಳಿ? ಫ್ರಿಜ್‌ನಲ್ಲೇ ಇಡಿ. ಸ್ವಲ್ಪ ಹೊತ್ತು ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಅಷ್ಟೇ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ, ಅದರ ಗೋಡೆಗೆ ತಾಗುವ ಹಾಗೂ ಬೇಡ. ಒಮ್ಮೆ ಗಟ್ಟಿಯಾದರೆ ಕರಗಿಸಿ ಬಳಸುವ ಹಾಗಿಲ್ಲ, ಎಸೆಯಬೇಕು.

ಮಂಡಿಪೇಟೆ ಪ್ರಿಂಟರ್

ಕೇಳಿದ್ದು ಒಳ್ಳೇದಾಯ್ತು. ‘ತಣ್ಣಗಿರಲಿ’ ಅಂತ ನಮ್ಮವ್ವ ಅದನ್ನು ಐಸ್ ಟ್ರೇ ಪಕ್ಕ ಇಡುವುದರಲ್ಲಿದ್ದಳು. ಈಗಲೇ ಹೋಗಿ ಮೊಸರಿನ ಪಾತ್ರೆ ಪಕ್ಕ ಜಾಗ ಮಾಡುತ್ತೇನೆ.